ಒಳಲೆ

ತೊಟ್ಟಿ ತೊಳಿಯೂದು ನನ್ನ ಕೆಲಸ.
ಹನ್ನೊಂದು ವರ್ಷ ಆತು, ಸೇಡಂ ರಸ್ತೆಯ ಕಾಲೇಜಿನಾಗ,
ಪ್ರಾಣಿಶಾಸ್ತ್ರದವರ ಮೆಟ್ಟಲ ತೆಳಗಿನ ಖೋಲಿ.
ಮೀನಿಗೆ ಕಾಳು ಹಾಕೂದು, ಸತ್ತವು ಎಣಿಸೂದು,
ಎಣಿಸಿ ರಿಜಿಸ್ಟರಿನಾಗ ಬರಿಯೂದು.
ಸಹಿ ಮಾತ್ರ ಬ್ಯಾರೆಯವರದು.

ತಹಸೀನ್ ಮೇಡಂ ಒಂದಿನ
ಬೆರಳಿನಷ್ಟು ಬಾಟ್ಲಿ ಬಿಸಿಲಿಗೆ ಹಿಡಿದ್ರು.
ಒಳಗ ತೆಳ್ಳನ ಚಹಾದ ಬಣ್ಣ.
"ಇದು ಬೆಳ್ಳಿ, ನಾಗಿಂದ್ರಪ್ಪ."
ನಾ ನಕ್ಕೆ.
ಬೆಳ್ಳಿ ನನಗ ಗೊತ್ತಿಲ್ಲೇನ್ರಿ?
ಅವ್ವನ ಕಾಲುಂಗುರ, ಸರಾಫನ ತಕ್ಕಡಿ,
ನೀರು ಕೆಡಬಾರದಂತ ಅಜ್ಜಿ ಹಂಡೇದಾಗ ಹಾಕಿಡತಿದ್ದ
ನಿಜಾಮನ ಕಾಲದ ಒಂದು ಹಾಲಿ ರೂಪಾಯಿ.

"ಅದೇ ಬೆಳ್ಳಿ," ಅಂದ್ರು. "ಒಡದು ಒಡದು ಒಡದು
ಎಷ್ಟು ಸಣ್ಣ ಮಾಡ್ಯಾರಂದ್ರ
ನಿನ್ನ ಒಂದು ಕೂದಲಿನ ಅಡ್ಡಕ್ಕ
ಸಾವಿರಗಟ್ಟಲೆ ಸಾಲಾಗಿ ನಿಲ್ತಾವ.
ವಾಸನಿ ಬರಬಾರದಂತ ಕಾಲುಚೀಲದಾಗ ಹಾಕ್ತಾರ.
ತೊಳದ್ರ ನೀರಿಗಿ, ನೀರು ಮೋರಿಗಿ, ಮೋರಿ ಹಳ್ಳಕ್ಕ,
ಹಳ್ಳ..."
ಮುಂದಿಂದು ಹೇಳೂದು ಬ್ಯಾಡ. ಹಳ್ಳ ಎಲ್ಲಿ ಹೋಗ್ತದ
ಅನ್ನೂದು ನಮ್ಮೂರ ಎಮ್ಮಿಗೂ ಗೊತ್ತು.

ಮೊದಲನೇ ತೊಟ್ಟಿಗೆ ಲ್ಯಾಬಿನ ಮೆದು ನೀರು.
ಎರಡು ದಿನಕ್ಕ ಕಿವಿರು ಬಾತವು.
ಮೀನು ಮ್ಯಾಲೆ ಬಂದು ಬಾಯಿ ಚಾಚಿ
ಗಾಳಿ ಬೇಡಿದವು.
ಆ ಬಾಯಿ ನಾ ಮೊದಲೇ ನೋಡೀನಿ.
ಶಹಾಬಾದಿನ ಖಣಿಯಿಂದ ಬಂದು
ಹೊರಸಿನ ಮ್ಯಾಲೆ ಕುಂತು
ಅಪ್ಪ ಹಿಂಗೇ ತೆರೀತಿದ್ದ.
ಅವನ ಮ್ಯಾಲೆ ಕಲ್ಲು ಬಿದ್ದಿದ್ದಿಲ್ಲ.
ಕಲ್ಲಿನ ಹಿಟ್ಟು ಬಿದ್ದಿತ್ತು.

ರಿಜಿಸ್ಟರ್: ಹತ್ತರಾಗ ಏಳು.

ಎರಡನೇ ತೊಟ್ಟಿಗೆ ಕಾಗಿಣಾ ನೀರು.
ಮಳಖೇಡದ ಸೇತುವೆ ತೆಳಗಿಂದ ನಾನೇ ತಂದೆ,
ನಾಕು ಕ್ಯಾನು, ಒಂದು ಪುಟ್ಟಿ ಉಸುಕು.
ಕಂಡಕ್ಟರ್ ನೀರಿಗೂ ಟಿಕೀಟು ಹರಿದ.
ನಮ್ಮ ನೀರು ನಿಮಗ ಗೊತ್ತದ,
ಸುಣ್ಣಗಲ್ಲು ನೆಕ್ಕಿಕೊಂತ ಬಂದ ನೀರು.
ಬ್ಯಾಳಿ ಬೇಯಂಗಿಲ್ಲ, ಸಾಬಾನು ನೊರಿಯಂಗಿಲ್ಲ,
ಹಂಡೇದ ಬುಡಕ್ಕ ಬಿಳಿ ಹಕ್ಕಳಿ.
ಚಹಾಬಣ್ಣ ಅದರಾಗ ಬಿದ್ದದ್ದೇ ಬೂದಿ ಆತು.
ಬೆಳಗಾಗೂದ್ರಾಗ ನೀರು ತಿಳಿ.
ಮೀನು ಹತ್ತಕ್ಕ ಹತ್ತು,
ಬಾಲ ಬೀಸಿ ಕಾಳು ಕೇಳಿದವು.

ನಾ ಮೆಟ್ಟಲ ಹತ್ತಿ ಓಡಿದೆ:
"ಮೇಡಂ, ನಮ್ಮ ನೀರು ಗೆದ್ದದ!"
ಅವರು ನಗಲಿಲ್ಲ.
"ಹಂಗಾದ್ರ ಬೆಳ್ಳಿ ಎಲ್ಲಿ ಹೋತು?"

ತೊಟ್ಟಿ ತೊಳಿಯವನಿಗೆ ತಿಳೀಬೇಕಿತ್ತು.
ತಿಳಿನೀರು ಅಂದ್ರ
ಎಲ್ಲಾ ತೆಳಗ ಇಳದದ ಅಂತ ಅರ್ಥ.

ಉಸುಕಿನ ಜೋಡಿ ಮೂರು ಸಿಂಪಿ ಬಂದಿದ್ದವು.
ರಿಜಿಸ್ಟರಿನಾಗ ಅವಕ್ಕ ಖಾನೇನೇ ಇಲ್ಲ.
ಓಡಲಾರವು. ಮ್ಯಾಲೆ ಬಂದು ಬೇಡಲಾರವು.
ಬುಡದಾಗ ಕುಂತು ನೀರು ಜಗ್ಗಿ, ಸೋಸಿ, ಬಿಟ್ಟು
ಮಂದಿಗೆ ತಿಳಿ ಮಾಡಿಕೊಡೂದು ಅವುಗಳ ಪಾಡು;
ಸೋಸಿದ್ದು ಹೊಟ್ಟ್ಯಾಗ.
ಒಂದನ್ನ ಕೊಯ್ದು ಹೈದರಾಬಾದಿಗೆ ಕಳಿಸಿದ್ರು.
ಹದಿನೈದು ದಿನಕ್ಕ ಕಾಗದ ಬಂತು.
ಇಂಗ್ಲಿಷ್ ಬರಂಗಿಲ್ಲ ನನಗ, ಅಂಕಿ ಬರ್ತದ.
ಓದಿದೆ.
ಇನ್ನೊಂದು ಬಿಗಿಯಾಗಿ ಮುಚ್ಚಿಕೊಂಡು ಜೀವ ಹಿಡಿದಿತ್ತು.
ಮೂರನೇದು
ತೆರೆದ ಬಾಯಿ ಮುಚ್ಚಲೇ ಇಲ್ಲ.

ಆ ಚಿಪ್ಪು ತೊಳದು ಜೇಬಿಗೆ ಹಾಕ್ಕೊಂಡು ಬಂದೆ.
ಯಾಕಂತ ಕೇಳಬ್ಯಾಡ್ರಿ.
ಹಾಲಿನ ಗಡಗಿ ಕೆರೆಯಾಕ ಅಜ್ಜಿ ಹಿಂಥಾದ್ದೇ ಇಟ್ಟಿದ್ಲು.
ಮಗಳು ಜಗದೇವಿ ಹಡದು ಮನ್ಯಾಗಿದ್ದಾಳ,
ಕೂಸಿಗೆ ಗುಟುಕು ಹಾಕಾಕ ಒಂದು ಒಳಲೆ,
ಬೆಳ್ಳೀದು, ಅಜ್ಜಿ ಕಾಲದ್ದು,
ಸಿಂಪಿ ನೋಡೇ ಅಕ್ಕಸಾಲಿಗ ಬಡದದ್ದು:
ಅದೇ ಬಾಗು, ಅದೇ ತುಟಿ.
ಎರಡೂ ಕಟ್ಟಿ ಮ್ಯಾಲೆ ಬಾಜೂಕ ಬಾಜು ಇಟ್ಟೆ.
ಸಿಂಪಿಯಂಥ ಬೆಳ್ಳಿ.
ಬೆಳ್ಳಿಯುಂಡ ಸಿಂಪಿ.

"ಅಪ್ಪಾ, ಎರಡೂ ತೊಳೀಲೇನು?" ಅಂದ್ಲು ಜಗದೇವಿ.
ನಳದ ನೀರು ಬಂದಿತ್ತು, ಭಾಳ ತಿಳಿ.
ನಾ ಬಕೀಟಿನ ಬುಡ ನೋಡಿಕೊಂತ ನಿಂತಿದ್ದೆ,
ಕೂಸು ಹಸ್ತು ಅಳಾಕ ಹತ್ತಿತ್ತು.