ಮೂಡಣಕೆ ಮೈನಸ್ಸು

ಕೌಲ್ ಬಜಾರಿನ ನಮ್ಮ ಮನೆಯ ಕೆಳಗೆ
ಹದಿನಾಲ್ಕು ಜೀನ್ಸ್ ಹೊಲಿಯುವ ಮಿಷನ್ನು,
ಮೇಲೆ ನಾನು ಮತ್ತು ನ್ಯಾವಿಗೇಷನ್ ಪೇಪರು.
ಪಾಸಿಗೆ ಎಪ್ಪತ್ತು,
ನನಗೆ ಬಂದದ್ದು ಅರವತ್ತನಾಲ್ಕು.

ಪುಸ್ತಕದ ಪ್ರಾಸಗಳೆಲ್ಲ ಇಂಗ್ಲಿಷಿನವು,
ಸಂಜೆ ನಾಲಿಗೆಗೆ ಹತ್ತಿದ್ದು ಬೆಳಿಗ್ಗೆ ಇರುವುದಿಲ್ಲ.
ನಕ್ಷೆಯ ಉತ್ತರ ಒಂದು, ಮುಳ್ಳಿನ ಉತ್ತರ ಇನ್ನೊಂದು,
ನಡುವಿನ ಡಿಗ್ರಿ ಕೂಡಬೇಕೋ ಕಳೆಯಬೇಕೋ
ಎಂಬಲ್ಲೇ ಪ್ರತಿಸಲ ಎಡವಿ
ಎಷ್ಟು ವಿಮಾನ ಇಳಿಸಿದೆನೋ
ಕಾಗದದ ಮೇಲೆ, ತುಂಗಭದ್ರೆಯ ನೀರಿಗೆ.

ಪೂರ್ವ ಎಂದರೆ ಪ. ಪಶ್ಚಿಮ ಎಂದರೂ ಪ.
ಹೆದರಿದವಳಿಗೆ ಎರಡೂ ಒಂದೇ.
ಒಂದು ರಾತ್ರಿ ಕರೆಂಟು ಹೋಗಿ
ಹದಿನಾಲ್ಕೂ ಮಿಷನ್ನು ಒಟ್ಟಿಗೆ ಬಾಯಿ ಮುಚ್ಚಿದಾಗ
ಅಜ್ಜಿ ಕತ್ತಲಲ್ಲಿ ಕೇಳಿದಳು:
ಗಾಳಿ ಯಾವುದವ್ವ, ಮೂಡಣದ್ದೋ ಪಡುವಣದ್ದೋ?
ಎದ್ದು ಕೂತೆ.
ಮೂಡಣಕೆ ಮೈನಸ್ಸು, ಪಡುವಣಕೆ ಪ್ಲಸ್ಸು.
ಅವಳು ಬೆಂಕಿಪೊಟ್ಟಣ ಹುಡುಕುವಷ್ಟರಲ್ಲಿ
ಏಳು ಲೆಕ್ಕ ಬಾಯಲ್ಲೇ ಬಿಡಿಸಿದ್ದೆ.

ಮರುದಿನ ಪುಸ್ತಕ ಎತ್ತಿಕೊಂಡು ಕೆಳಗೇ ಇಳಿದೆ.
ರನ್‌ವೇ ಪಕ್ಕ ನಾಲ್ಕು ದೀಪ ಇರುತ್ತವೆ, ಎಂದೆ,
ಕಾಜಾ ಹೊಡೆಯುತ್ತಿದ್ದ ಶಂಶಾದಕ್ಕನಿಗೆ.
ತಲೆ ಎತ್ತದೆ ಕಟ್ಟಿಕೊಟ್ಟಳು:
ನಾಲ್ಕೂ ಬಿಳಿ, ಕೆಳಗಿಳಿ.
ನಾಲ್ಕೂ ಕೆಂಪು, ನೆಲದ ಕಂಪು.
ಎರಡೆರಡು ಇದ್ರೆ ನಿನ್ನ ಪುಣ್ಯ, ಹಂಗೇ ಬಾ.

ಒತ್ತಡ ಕುಸಿದ ಊರಿಗೆ ಹಳೇ ಲೆಕ್ಕದಲ್ಲೇ ಹೋದರೆ
ಎತ್ತರದ ಗಡಿಯಾರ ಸುಳ್ಳು ಹೇಳುತ್ತದೆ,
ಇದ್ದದ್ದಕ್ಕಿಂತ ಮೇಲಿದ್ದೀಯ ಎನ್ನುತ್ತದೆ.
ಅಪ್ಪ ಕತ್ತರಿ ಕೆಳಗಿಟ್ಟು
ಮೊದಲ ಇಂಚು ಹರಿದುಹೋದ ಟೇಪು ತೋರಿಸಿದ:
ಇದೂ ಹಂಗೇ ನೋಡು, ಮೂವತ್ತರ ಸೊಂಟಕ್ಕೆ ಮೂವತ್ತೊಂದು ಅಂತೈತೆ.
ನನಗೆ ಗೊತ್ತು, ಒಂದು ಕಳೀತೀನಿ.
ಹೊಸ ಹುಡುಗ ಅಳೆದ್ರೆ ಪ್ಯಾಂಟು ಜಾರ್ತೈತೆ.

ಬಿಸಿಗಾಳಿ ತೆಳು, ಓಟ ಉದ್ದ ಬೇಕು:
ಇದಕ್ಕೆ ಯಾರೂ ಪ್ರಾಸ ಹೊಸೆಯಲಿಲ್ಲ.
ಮೇ ತಿಂಗಳ ಮಧ್ಯಾಹ್ನ ಕೋಟೆ ಗುಡ್ಡದ ಬಂಡೆ
ಕುದಿಯುವ ನೀರಿನಾಚೆ ನಿಂತಂತೆ ನಡುಗುವುದನ್ನು
ಇಲ್ಲಿ ಎಲ್ಲರೂ ನೋಡಿದ್ದಾರೆ.

ಬರಬರುತ್ತ ನನ್ನ ಪಾಠ ಮಿಷನ್ನಿನ ಸದ್ದಿಗೆ ಸೇರಿಹೋಯಿತು.
ಪೈಲಟ್ಟಮ್ಮ, ಇವತ್ತು ಹವಾಮಾನವೋ, ಇಂಜಿನ್ನೋ?
ಎಂಜಿನ್ ನಿಂತರೆ, ಎಂದು ಶುರು ಮಾಡಿದರೆ ಸಾಕು,
ಸಾಲಿನ ಕೊನೆಯಿಂದ ಎರಿಸ್ವಾಮಿ ಕೂಗುತ್ತಿದ್ದ,
ಮೂರು ಬೆರಳು ಮಡಚುತ್ತ:
ಮೊದಲು ಹಾರು! ಆಮೇಲೆ ದಾರಿ! ಕೊನೆಗೆ ಬಾಯಿ!
ಹೆಬ್ಬೆರಳು, ತೋರುಬೆರಳು, ನಡುಬೆರಳು.

ಶನಿವಾರ ಅವನದೇ ತೋರುಬೆರಳಿಗೆ ಸೂಜಿ ಇಳಿಯಿತು,
ಉಗುರು ಸೀಳಿ, ಎರಡು ಪದರ ಡೆನಿಮ್ಮಿನ ಜೊತೆಗೆ.
ಎಲ್ಲರೂ ಕಿರುಚಿದರು. ನಾನೂ.
ಅಪ್ಪನ ತುಟಿ ಮಾತ್ರ ಅಲುಗಿತು, ಸದ್ದಿಲ್ಲದೆ.
ಅವನ ಕಾಲನ್ನು ಪೆಡಲಿನಿಂದ ತೆಗೆಸಿದ,
ಸ್ವಿಚ್ಚು ಆರಿಸಿ ಗಾಲಿಯನ್ನು ಕೈಯಲ್ಲೇ
ಮೆಲ್ಲಗೆ, ಮೆಲ್ಲಗೆ ತಿರುಗಿಸಿ ಸೂಜಿ ಎತ್ತಿದ.
ಆಮೇಲೆ ಆಟೋದವನಿಗೆ: ವಿಮ್ಸು. ಮೋತಿ ಸರ್ಕಲ್ ಬೇಡ, ಜಾಮ್ ಐತೆ.
ಕೊನೆಗೆ, ಅರ್ಧ ದಾರಿಯಲ್ಲಿ,
ಫೋನು ತೆಗೆದು ಎರಿಸ್ವಾಮಿಯ ಹೆಂಡತಿಗೆ
ಏನಿಲ್ಲ ತಾಯಿ, ಎಂದ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು,
ವಿಮಾನದ ಹೊಟ್ಟೆ ಬಿಟ್ಟು ಬೇರೇನೂ ಕಾಣದವನು.

ಗುರುವಾರ ನನ್ನ ಪೇಪರು.
ಎರಿಸ್ವಾಮಿ ಕೆಲಸಕ್ಕೆ ಬರುವುದಿಲ್ಲ, ಬಂದು ಸುಮ್ಮನೆ ಕೂರುತ್ತಾನೆ.
ಬ್ಯಾಂಡೇಜಿನ ಬೆರಳು ಮಡಚಲಾಗದೆ
ಮೊದಲು ಹಾರು ಎಂದು ಹೆಬ್ಬೆರಳು ಮಡಚಿ,
ಆಮೇಲೆ, ಎಂದು ತಡೆದು
ಬೆಳ್ಳಗೆ ನೆಟ್ಟಗೆ ನಿಂತ ದಾರಿಯನ್ನೇ
ನೋಡುತ್ತಾನೆ.