ಗುರುವಾರದ ಗೆರೆ

ಸೆಗೆಡ್ ಊರಿನ ಮೂರನೇ ಮಹಡಿಯಲ್ಲಿ,
ಟಿಸಾ ನದಿ ಕಾಣದ ಕೋಣೆಯಲ್ಲಿ,
ಎರಡು ಚಳಿಗಾಲ ನಾನು ಮಾಡಿದ್ದು ಇಷ್ಟೇ:
ಜೀವಕೋಶಗಳ ಸುತ್ತ ಗೆರೆ ಎಳೆದದ್ದು.

ಸಾಸಿವೆಗಿಂತ ಸಣ್ಣ ಉಂಡೆ.
ತಟ್ಟೆಯ ತಳಕ್ಕಂಟಿ ಹರಡುವ ಪದರವಲ್ಲ,
ಒಳಗು ಹೊರಗು ಎರಡೂ ಇರುವ ಉಂಡೆ.
ಬೆಳಕಿನ ತೆಳು ಹಾಳೆ ಅದನ್ನು
ಈರುಳ್ಳಿಯಂತೆ ಹೆಚ್ಚುತ್ತದೆ, ಕೊಯ್ಯದೆಯೇ.
ಇನ್ನೂರ ಹತ್ತು ಬಿಲ್ಲೆ, ಬಿಲ್ಲೆ ತುಂಬ ನೀಲಿ ಚುಕ್ಕೆ.
ಇದು ಎಲ್ಲಿ ಮುಗಿದು ಅದು ಎಲ್ಲಿ ಶುರು
ಎಂದು ಪೆನ್ನು ಹಿಡಿದು ಪಂಚಾಯಿತಿ ಮಾಡಿದೆ,
ದಾಯಾದಿಗಳ ಬೇಲಿ ಜಗಳದಲ್ಲಿ ಕೂತವಳ ಹಾಗೆ.

ಚಿಕ್ಕವಳಿದ್ದಾಗ ಮಂಜಿನಲ್ಲಿ ಜಾರಿ ಮುರಿದ ಮಣಿಕಟ್ಟು.
ಗುರುವಾರದ ಹೊತ್ತಿಗೆ ನೋವು ಏಳುತ್ತದೆ,
ಗುರುವಾರದ ಗೆರೆಗಳು ಎಡಕ್ಕೆ ವಾಲುತ್ತವೆ.
ಯಾರಿಗೂ ಹೇಳಿರಲಿಲ್ಲ.

ಗೆರೆಗಳನ್ನೆಲ್ಲ ಯಂತ್ರಕ್ಕೆ ಉಣಿಸಿದರು.
ಹನ್ನೊಂದು ರಾತ್ರಿ ಉಂಡಿತು.
ಈಗ ನಾನು ತಿಂಗಳು ಕೂತು ಮಾಡಿದ್ದನ್ನು
ಕಾಫಿ ಆರುವಷ್ಟರಲ್ಲಿ ಮುಗಿಸುತ್ತದೆ:
ಸಾವಿರದ ಮುನ್ನೂರ ಆರು ಕೋಶ,
ಒಂದೊಂದಕ್ಕೂ ಒಂದೊಂದು ಬಣ್ಣ.
ಬೊತೊಂಡ್ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ.
ಆಮೇಲೆ ಪರದೆಗೆ ಮೂಗು ತಾಗುವಂತೆ ಬಗ್ಗಿ ನೋಡಿದರೆ
ಗೆರೆ ಎಡಕ್ಕೆ ವಾಲಿತ್ತು.
ಮಣಿಕಟ್ಟಿಲ್ಲ, ನೋವಿಲ್ಲ, ಗುರುವಾರವಿಲ್ಲ;
ಓರೆ ಮಾತ್ರ ಇದೆ.
ಇದೂ ಒಂದು ಬಳುವಳಿಯೇ?

ಉಂಡೆಯ ನಡುವೆ ಬೆಳಕು ಮುಟ್ಟದ ಜಾಗ.
ಉಸಿರೂ ಅನ್ನವೂ ಅಲ್ಲಿಗೆ ತಲುಪುವುದಿಲ್ಲ,
ಒಳಗಿನವೇ ಮೊದಲು ಸಾಯುತ್ತವೆ.
ಅಲ್ಲಿ ನಾನು ಯಾವತ್ತೂ ಪೆನ್ನೆತ್ತಿ ಮುಂದೆ ಹೋದವಳು.
ಕಾಣದ್ದಕ್ಕೆ ಗೆರೆ ಹಾಕುವುದು ಹೇಗೆ?
ಯಂತ್ರ ಹಾಕಿತ್ತು. ಹದಿನೇಳು ಕೋಶ, ಅಚ್ಚುಕಟ್ಟಾಗಿ,
ನನ್ನದೇ ಓರೆಯಲ್ಲಿ,
ಕಳ್ಳ ಸಹಿಯ ಹಾಗೆ.

ಉಂಡೆ ಯಾರದೆಂದು ನಮಗೆ ಹೇಳುವುದಿಲ್ಲ.
ಡಬ್ಬಿಯ ಮೇಲೊಂದು ಅಂಕಿ, ಅಷ್ಟೆ.
ಆ ಅಂಕಿ ಈಗ ಯಾವುದೋ ವಾರ್ಡಿನಲ್ಲಿ
ಮೀನಿನ ಸಾರಿನ ವಾಸನೆಗೆ ಮುಖ ತಿರುಗಿಸುತ್ತಿರಬಹುದು.
ನಾಳೆ ಮದ್ದು ಹನಿಸಿ, ಉಳಿದವನ್ನು ಎಣಿಸುತ್ತೇವೆ.
ಇಲ್ಲದ ಹದಿನೇಳು ಬದುಕಿವೆ ಎಂದರೆ
ತಪ್ಪು ಮದ್ದಿನ ತಲೆಗೆ.

ಅಳಿಸಿದೆ, ಒಂದೊಂದಾಗಿ.
ಹದಿನಾರನೆಯದು ಮಾತ್ರ
ಕತ್ತಲ ಅಂಚಿನಲ್ಲಿ, ನೀಲಿಯೋ, ನೀಲಿಯ ನೆನಪೋ...
ಇದ್ದರೂ ಇದ್ದೀತು.
"ಬರ್ತೀಯಾ? ಟ್ರಾಮ್ ಹೊರಡುತ್ತೆ" ಎಂದ ಬೊತೊಂಡ್, ಕೋಟು ತೊಡುತ್ತಾ.
ನೀನು ನಡಿ ಅಂದೆ.
ಬೆಳಕಿನ ಹಾಳೆಯನ್ನು ಮತ್ತೊಮ್ಮೆ ಇಳಿಸಿದೆ,
ಇನ್ನೊಂದು ಕೂದಲೆಳೆ ಆಳಕ್ಕೆ.