ಉಪ್ಪಿನ ಲೆಕ್ಕ

ಬೊಲಿವಿಯಾದ ಉಪ್ಪುಬಯಲಿನ ಅಂಚಿಗೆ ಕೊಲ್ಚಾನಿ.
ಅಲ್ಲಿನ ರಾತ್ರಿಶಾಲೆಗೆ ಗೋಡೆಯೂ ಉಪ್ಪಿನದೇ,
ಮೊಳೆ ಹೊಡೆದರೆ ಉದುರುತ್ತದೆ.
ಹಾಗಾಗಿ ಸೆನೋನ್ ಮೇಷ್ಟ್ರು ಆವರ್ತ ಕೋಷ್ಟಕವನ್ನು,
ಆ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು,
ಒಣಹಾಕಿದ ಬಟ್ಟೆಯಂತೆ ಹಗ್ಗಕ್ಕೆ ಇಳಿಬಿಟ್ಟಿದ್ದಾರೆ.
ಬಲತುದಿಯ ಕಂಬಸಾಲನ್ನು ಇಲಿ ತಿಂದಿದೆ.
"ಹೋಗಲಿ ಬಿಡಿ, ಅವರು ಜಡಾನಿಲಗಳು.
ಯಾರ ಮನೆಗೂ ಹೋಗುವವರಲ್ಲ, ಯಾರನ್ನೂ ಕರೆಯುವವರಲ್ಲ."

ಮುಂದಿನ ಬೆಂಚಿನಲ್ಲಿ ನೆಮೆಸಿಯಾ ಯುಕ್ರಾ, ವಯಸ್ಸು ನಲವತ್ತೇಳು,
ಟೋಪಿ ತೆಗೆದು ಮಡಿಲಲ್ಲಿಟ್ಟು ಕೂತಿದ್ದಾಳೆ.
ಹಗಲೆಲ್ಲ ಪೊಟ್ಟಣದ ಬಾಯಿ ಬೆಂಕಿಗೆ ಹಿಡಿದು ಅಂಟಿಸಿ ಅಂಟಿಸಿ
ಹೆಬ್ಬೆರಳ ಗೆರೆಗಳು ಅಳಿಸಿಹೋಗಿವೆ.
ಸಾಲದ ಪತ್ರಕ್ಕೆ ಬೆರಳೊತ್ತಿದ ದಿನ
ಕಾಗದದ ಮೇಲೆ ಬರೀ ಒಂದು ನೀಲಿ ಮೋಡ.

ಮೇಷ್ಟ್ರ ಕೋಲು ಎಡಗಡೆಯ ಸಾಲಿಗೆ ಹೋಯಿತು:
ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ.
ಒಂದೇ ಮನೆಯ ಅಣ್ಣತಮ್ಮಂದಿರು,
ಹೊರ ಅಂಗಳದಲ್ಲಿ ಎಲ್ಲರಿಗೂ ಒಂದೊಂದೇ ಎಲೆಕ್ಟ್ರಾನು.
ನೆಮೆಸಿಯಾಗೆ ಗೊತ್ತು, ಮೂವರೂ ಇಲ್ಲೇ ಇದ್ದಾರೆ
ಈ ಬಯಲಿನ ಹೊಟ್ಟೆಯೊಳಗೆ.
ನಡುವಿನವನನ್ನು ಅವಳು ಸಲಿಕೆಯಲ್ಲಿ ಎತ್ತುತ್ತಾಳೆ.
ಹಿರಿಯವನು ಹಗುರ, ಅದಕ್ಕೇ ದುಬಾರಿ;
ಅವನನ್ನು ಹುಡುಕಿ ಬಂದವರ ಲಾರಿಗಳು
ಬೆಳಗಾದರೂ ದೀಪ ಆರಿಸದೆ ಓಡುತ್ತವೆ.

ಅತ್ತ ಬಲಕ್ಕೆ ಕ್ಲೋರಿನ್ನು. ಕೆಳಗೆ ಒಂದು ಮೆಟ್ಟಿಲು ಬಿಟ್ಟು ಅಯೊಡಿನ್ನು.
ದಿನಾ ಉಪ್ಪಿಗೆ ಅವಳು ಚಿಮುಕಿಸುವ ಮದ್ದು ಅದರದೇ.
"ಇವರೂ ನೆಂಟರೇ?"
"ಹೂಂ. ಏಳಿದೆ, ಎಂಟಾಗಬೇಕೆಂಬ ಹಠ."

ಸೋಡಿಯಂ ತನ್ನದೊಂದನ್ನು ಕೊಟ್ಟಿತು, ಕ್ಲೋರಿನ್ನು ಇಸಿದುಕೊಂಡಿತು.
ಕೊಟ್ಟವನ ತಲೆಯ ಮೇಲೆ ಮೇಷ್ಟ್ರು ಕೂಡಿಸುವ ಗುರುತು ಹಾಕಿದರು,
ಕೊಂಡವನ ಮೇಲೆ ಕಳೆಯುವ ಗುರುತು.
ನೆಮೆಸಿಯಾ ಎದ್ದು ನಿಂತಳು.
"ತಪ್ಪಿದೆ, ಮೇಷ್ಟ್ರೇ. ಕೊಟ್ಟವನದಲ್ಲವೇ ಕಡಿಮೆಯಾಗುವುದು?
ಇಪ್ಪತ್ತು ವರ್ಷದಿಂದ ಕೊಡುತ್ತಲೇ ಇದ್ದೇನೆ, ನನಗೆ ಗೊತ್ತಿಲ್ಲವೇ?"

ಕನ್ನಡದಲ್ಲಿ ಆ ಗುರುತುಗಳಿಗೆ ಧನ, ಋಣ ಎನ್ನುತ್ತೇವೆ.
ಅವಳ ತಕರಾರು ನಮ್ಮಲ್ಲಿ ಇನ್ನೂ ಚೂಪಾಗುತ್ತಿತ್ತು:
ಕೊಟ್ಟವನು ಧನಿ, ಕೊಂಡವನು ಋಣಿ,
ಯಾವ ಊರಿನ ಲೇವಾದೇವಿ ಹೀಗೆ ನಡೆದಿದೆ?

ಮೇಷ್ಟ್ರು ತಲೆ ಕೆರೆದುಕೊಂಡರು. ಇಪ್ಪತ್ತಾರರ ಹುಡುಗ.
"ಎಲೆಕ್ಟ್ರಾನೇ ಒಂದು ಸಾಲ, ತಾಯಿ.
ಸಾಲವನ್ನೇ ಕೊಟ್ಟುಬಿಟ್ಟರೆ?"
ಒಂದು ಗಳಿಗೆ ಎಲ್ಲರೂ ಸುಮ್ಮನೆ. ಆಮೇಲೆ ಅವಳ ನಗು
ಗೋಡೆಯಿಂದ ಒಂದಿಷ್ಟು ಉದುರಿಸಿತು.
"ನನ್ನದನ್ನೂ ಯಾರಾದರೂ ಹಾಗೆ ಆಸೆಬಿದ್ದು ಇಸಿದುಕೊಂಡಾರೆಯೇ?
ಕ್ಲೋರಿನ್ನಿನ ವಿಳಾಸ ಕೊಡಿ."

ಕೂರುವ ಮೊದಲು ಗೋಡೆ ಕೆರೆದು ಒಂದು ಹರಳು ಹಿಡಿದಳು.
"ಇದರಲ್ಲಿ ಯಾರು ಯಾರಿಗೆ ಕೊಟ್ಟದ್ದು?"
"ಹೇಳಲಾಗದು. ಒಬ್ಬೊಬ್ಬನ ಸುತ್ತ ಆರಾರು ಜನ.
ಜೋಡಿಯಿಲ್ಲ, ಚೀಟಿಯಿಲ್ಲ, ಸಾಕ್ಷಿಯಿಲ್ಲ.
ಸುಮ್ಮನೆ ಹಿಡಿದುಕೊಂಡಿದ್ದಾರೆ."
ಅಯಾನಿಕ ಬಂಧದ ವ್ಯಾಖ್ಯೆ ಬರೆಯಬೇಕಿದ್ದ ಕಡೆ
ಅವಳು ಬರೆದದ್ದು: ಚೀಟಿಯಿಲ್ಲ.

ಅಷ್ಟರಲ್ಲಿ ತಗಡಿನ ಮೇಲೆ ಹನಿ.
ನೀರಿನ ಪಾಠ ಮುಂದಿನ ವಾರಕ್ಕಿತ್ತು:
ಒಂದು ಆಮ್ಲಜನಕ, ಎರಡು ಜಲಜನಕ,
ಕೊಟ್ಟುಬಿಡದೆ ಹಂಚಿಕೊಂಡು ಬಾಳುವ ಸಂಸಾರ.
ಅದು ಕಾಯಲಿಲ್ಲ.
ಉಪ್ಪು ತಿಂದವರು ನೀರು ಕುಡಿಯಬೇಕೆಂದು ನಮ್ಮ ಗಾದೆ;
ಇಲ್ಲಿ ನೀರೇ ಉಪ್ಪು ತಿನ್ನುತ್ತದೆ.
ಬೆಂಚುಗಳು ಖಾಲಿ. ಬಯಲಲ್ಲಿ ರಾಶಿಗಳ ಮೇಲೆ
ಟಾರ್ಪಾಲು ಎಳೆಯುವ ಕೂಗಾಟ, ಒಂದು ಟಾರ್ಚು, ನಾಯಿ.
ಮೇಷ್ಟ್ರೂ ಓಡಿದರು, ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು.

ಬೆಳಿಗ್ಗೆ ನೋಡಿದರೆ ನೆಮೆಸಿಯಾಳ ರಾಶಿಯ ನೆತ್ತಿಗೆ
ನಾಲ್ಕು ಕಲ್ಲಿನ ಕೆಳಗೆ ಆವರ್ತ ಕೋಷ್ಟಕ.
ಅಡಿಯಲ್ಲಿ ಉಪ್ಪು ಒಣಗಿಯೇ ಇತ್ತು.
ಇಲಿ ತಿಂದ ಆ ಸಾಲಿನ ಉದ್ದಕ್ಕೂ ಮಾತ್ರ
ನೀರು ಇಳಿದು
ಒಂದು ಬೊಗಸೆಯಷ್ಟು ಕರಗಿಸಿತ್ತು.